ಮಳೆಗಾಲದಲ್ಲಿ ಶುಂಠಿ ಸ್ಟಾರ್ಟರ್ ಸಾಕಿದ್ದು

ಶುಂಠಿ ಹಾಕಿದ, ತನ್ನಷ್ಟಕ್ಕೇ ಗ್ಯಾಸ್ ತುಂಬಿಕೊಳ್ಳುವ ಪಾನೀಯವನ್ನು ಮನೆಯಲ್ಲೇ ಮಾಡಬೇಕು ಅಂತ ನನಗೆ ಬಹಳ ಕಾಲದ ಆಸೆ. ಅಂಗಡಿಯ ಸೋಡಾಕ್ಕೆ ಗ್ಯಾಸನ್ನು ಮಷೀನಿನಿಂದ ತುಂಬುತ್ತಾರೆ. ನನಗೆ ಬೇಕಿದ್ದದ್ದು ಹುದುಗಿ ಬಂದ ಗುಳ್ಳೆ. ಅದಕ್ಕೆ ಯೀಸ್ಟ್ ಬೇಕು. ಯೀಸ್ಟ್ ಬೇಕು ಅಂದರೆ ಮೊದಲು ಸ್ಟಾರ್ಟರ್, ಅಂದರೆ ಯೀಸ್ಟನ್ನು ಸಕ್ಕರೆ ಉಣಿಸಿ ಬೆಳೆಸಿಟ್ಟ ಒಂದು ಬಾಟ್ಲಿ ಹೆಪ್ಪು, ಮಾಡಿಕೊಳ್ಳಬೇಕು. ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಆ ಸ್ಟಾರ್ಟರ್ ಬಗ್ಗೆಯೇ. ಅದೊಂದು ಗಟ್ಟಿಯಾಗಿ ನಿಂತರೆ ಪಾನೀಯ ಒಂದು ಸಂಜೆಯ ಕೆಲಸ.

ಸ್ಟಾರ್ಟರ್ ಯಾಕೆ ಬೇಕು ಅನ್ನೋದು ನನಗೆ ಅರ್ಥವಾದದ್ದು ಬಿಯರ್ ಮಾಡುವವರ ಪದ್ಧತಿ ಓದಿದ ಮೇಲೆ. ಅವರು ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂ ಮಾಲ್ಟ್ ಪುಡಿ (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಸಾರದ ಪುಡಿ) ಹಾಕಿ ಹತ್ತು ಹದಿನೈದು ನಿಮಿಷ ಕುದಿಸುತ್ತಾರೆ. ಪೂರ್ತಿ ತಣಿಸಿ ಅದಕ್ಕೆ ಯೀಸ್ಟ್ ಬಿಡುತ್ತಾರೆ. ಆಗಾಗ ಅಲುಗಾಡಿಸುತ್ತಾ ಒಂದು ದಿನ ಇಡುತ್ತಾರೆ. ಅಷ್ಟರಲ್ಲಿ ಯೀಸ್ಟ್ ಕಣಗಳು ಹಲವು ಪಟ್ಟು ಹೆಚ್ಚುತ್ತವೆ. ಯೀಸ್ಟ್ ಜೀವಂತ ಇದೆಯಾ ಇಲ್ಲವಾ ಅನ್ನೋದೂ ಅಲ್ಲೇ ಗೊತ್ತಾಗುತ್ತದೆ. ದೊಡ್ಡ ಪಾತ್ರೆಗೆ ಕೈ ಹಾಕೋದು ಆಮೇಲೆ. ಪ್ಯಾಕೆಟ್ಟಿನ ಒಣ ಯೀಸ್ಟಿಗೆ ಇಷ್ಟೆಲ್ಲ ಬೇಕಿಲ್ಲ, ಕಣಗಳು ಸಾಕಷ್ಟು ಇರುತ್ತವೆ. ದ್ರವರೂಪದ ಯೀಸ್ಟಿಗೆ, ಅದರಲ್ಲೂ ಹಳೆಯದಾಗಿದ್ದರೆ, ಬೇಕೇ ಬೇಕು.

ನಾನು ಬಿಯರಿನ ದಾರಿ ಹಿಡಿಯಲಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಶುಂಠಿಯದ್ದಾದರೆ ಸೋಡಾದ ಹದದಲ್ಲೇ ನಿಲ್ಲಿಸಬಹುದು. ಜೊತೆಗೆ ನಾವಿರುವುದು ಶುಂಠಿಯ ಸೀಮೆಯಲ್ಲಿ. ಹೊಸನಗರ, ಸಾಗರ, ಸೊರಬ, ಎತ್ತ ಹೋದರೂ ಶುಂಠಿ ಗದ್ದೆ. 60 ಕೆ.ಜಿ. ಚೀಲದ ಲೆಕ್ಕದಲ್ಲಿ ಲಾರಿಗಟ್ಟಲೆ ಹೊರಗೆ ಹೋಗುತ್ತದೆ. ಅದೇ ಶುಂಠಿಯ ಸಿಪ್ಪೆಯ ಮೇಲೆ ಕಾಡು ಯೀಸ್ಟ್ ಕೂತಿರುತ್ತದೆ, ಪುಕ್ಕಟೆಯಾಗಿ. ಇದನ್ನು ಬಿಟ್ಟು ಇನ್ನೆಲ್ಲಿಗೆ ಹೋಗೋದು?

ಇಲ್ಲೇ ಒಂದು ಮುಖ್ಯ ವ್ಯತ್ಯಾಸ ಇದೆ. ಬಿಯರಿನವರು ಮೊದಲು ಕುದಿಸಿ ಎಲ್ಲ ಜೀವಿಗಳನ್ನೂ ಕೊಂದು, ಆಮೇಲೆ ತಮಗೆ ಬೇಕಾದ ಒಂದೇ ಯೀಸ್ಟ್ ಬಿಡುತ್ತಾರೆ. ಒಂದೇ ಕಣದಿಂದ ಶುದ್ಧ ಯೀಸ್ಟ್ ಬೆಳೆಸುವ ದಾರಿ ತೋರಿಸಿದವರು ಡೆನ್ಮಾರ್ಕಿನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್, 1883ರಲ್ಲಿ. ನಮ್ಮ ಶುಂಠಿಯನ್ನು ಕುದಿಸಿದರೆ ಯೀಸ್ಟೇ ಸತ್ತುಹೋಗುತ್ತದೆ. ಹಸಿಯಾಗಿಯೇ ಹಾಕಬೇಕು. ಅಂದರೆ ಸಿಪ್ಪೆ ಮೇಲೆ ಇರುವ ಎಲ್ಲವೂ ಬಾಟ್ಲಿಗೆ ಬರುತ್ತವೆ. ಯೀಸ್ಟ್, ಹುಳಿ ಮಾಡುವ ಬ್ಯಾಕ್ಟೀರಿಯಾ, ಬೂಷ್ಟಿನ ಬೀಜ, ಎಲ್ಲ. ಕುದಿಸದೆ, ಬೇಡದ್ದನ್ನು ಹಿಂದೆ ಹಾಕಿ ಬೇಕಾದ್ದನ್ನು ಮುಂದೆ ತರೋದು ಹೇಗೆ? ಸ್ಟಾರ್ಟರ್ ಸಾಕುವ ಕೆಲಸ ಅಂದರೆ ಇದೇ. ಹೊರಗೆ ಪುಷ್ಯ ಮಳೆ ಹೊಡೆಯುತ್ತಿರುವಾಗ, ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಷ್ಟು ಬರುವ ನಮ್ಮ ತೀರ್ಥಹಳ್ಳಿ ಕಡೆ, ಇದು ಸಣ್ಣ ಪ್ರಶ್ನೆ ಏನಲ್ಲ.

ಮೊದಲ ಕೆಲಸ ಶುಂಠಿ ಹುಡುಕೋದು. ಪೇಟೆಯಲ್ಲಿ ಸಿಗುವ, ಮಷೀನಿನಲ್ಲಿ ಉಜ್ಜಿ ತೊಳೆದ ಹೊಳಪಿನ ಶುಂಠಿ ನನಗೆ ಬೇಡವಾಗಿತ್ತು. ಸಿಪ್ಪೆ ಹೋದರೆ ಯೀಸ್ಟೂ ಹೋದ ಹಾಗೆಯೇ. ಹೊಸನಗರದ ಹತ್ತಿರ ಚಿಕ್ಕಪ್ಪ ಶುಂಠಿ ಹಾಕುತ್ತಾರೆ. ಅವರಿಗೆ ಫೋನ್ ಮಾಡಿ ಕೇಳಿದೆ.

"ಬೀಜಕ್ಕೆ ಅಂತ ಇಟ್ಟಿದ್ದರಲ್ಲಿ ಸ್ವಲ್ಪ ಉಳಿದಿದ್ಯಾ ಚಿಕ್ಕಪ್ಪ?"

"ಅದನ್ನ ಮಾತ್ರ ಮುಟ್ಬೇಡ ಮಾರಾಯ. ಔಷಧಿ ನೀರಲ್ಲಿ ಅದ್ದಿದ್ದು ಅದು. ಹಿತ್ತಲಲ್ಲಿ ಮನೆಗೆ ಅಂತ ಹಾಕಿದ್ದು ಇದೆ, ಬಂದು ಕಿತ್ಕೊಂಡು ಹೋಗು."

ಅವರು ಹೇಳಿದ್ದು ಎರಡು ರೀತಿಯಲ್ಲಿ ಸರಿ. ಬೀಜದ ಗೆಡ್ಡೆಯನ್ನು ಕೊಳೆ ರೋಗ ಬರದಿರಲಿ ಅಂತ ಮ್ಯಾಂಕೋಜೆಬ್ ತರಹದ ಶಿಲೀಂಧ್ರನಾಶಕದಲ್ಲಿ ಅದ್ದುತ್ತಾರೆ. ಅದನ್ನು ತಿನ್ನಬಾರದು, ಅದು ಮೊದಲ ಮಾತು. ಎರಡನೆಯದು, ಯೀಸ್ಟ್ ಕೂಡ ಶಿಲೀಂಧ್ರದ ಜಾತಿಗೇ ಸೇರಿದ್ದು. ಕೊಳೆ ರೋಗಕ್ಕೆ ಹೊಡೆದ ಔಷಧಿ ಯೀಸ್ಟನ್ನು ಬಿಡುತ್ತದಾ? ಹಾಗಾಗಿ ಹಿತ್ತಲ ಶುಂಠಿಯನ್ನೇ ತಂದೆ. ಮಣ್ಣು ಹೋಗುವಷ್ಟು ಮಾತ್ರ ತಣ್ಣೀರಲ್ಲಿ ತೊಳೆದೆ. ಬ್ರಷ್ ಹಾಕಲಿಲ್ಲ, ಸಿಪ್ಪೆ ತೆಗೆಯಲಿಲ್ಲ.

ನೀರಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮದು ಬಾವಿ ನೀರು, ಕುದಿಸಿ ಆರಿಸಿಕೊಂಡೆ. ಶಿವಮೊಗ್ಗದಂತಹ ಕಡೆ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದನ್ನೂ ಕುದಿಸಿ, ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ.

ಬಾಟ್ಲಿ ಅಂದರೆ ಹಳೇ ಹಾರ್ಲಿಕ್ಸ್ ಗಾಜಿನ ಬಾಟ್ಲಿ. ಉಪ್ಪಿನಕಾಯಿ ಹಾಕಿದ್ದ ಭರಣಿ ಬೇಡ, ಎಣ್ಣೆ ಜಿಡ್ಡು ಎಷ್ಟು ತೊಳೆದರೂ ಉಳಿಯುತ್ತದೆ. ಬಾಟ್ಲಿಗೂ ಚಮಚಕ್ಕೂ ಕುದಿನೀರು ಹಾಕಿ ಕವುಚಿ ಇಟ್ಟೆ. ಅದರಲ್ಲಿ ಎರಡು ಲೋಟ ನೀರು, ಸಣ್ಣಗೆ ಹೆಚ್ಚಿದ ಶುಂಠಿ ಎರಡು ದೊಡ್ಡ ಚಮಚ, ಸಕ್ಕರೆ ಎರಡು ದೊಡ್ಡ ಚಮಚ. ಸಕ್ಕರೆ ಕರಗುವ ತನಕ ಚೆನ್ನಾಗಿ ತಿರುವಿದೆ. ಬಾಯಿಗೆ ಹಳೇ ಪಂಚೆಯ ಬಟ್ಟೆ ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆ. ಗಾಳಿ ಆಡಬೇಕು, ಗುಂಗುರು ಮಾತ್ರ ಒಳಗೆ ಬರಬಾರದು. ಆಮೇಲೆ ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ. ದಿನಕ್ಕೆ ಎರಡು ಮೂರು ಸಲ ತಿರುವೋದು.

ಈ ತಿರುವೋದನ್ನು ಉಪಚಾರ ಅಂದುಕೊಳ್ಳಬೇಡಿ. ಬೂಷ್ಟು ಬೆಳೆಯುವುದು ಗಾಳಿ ತಾಗುವ ಮೇಲ್ಮೈಯಲ್ಲಿ. ತೇಲುವ ಶುಂಠಿ ಚೂರು ಒಂದು ದಿನ ಅಲುಗದೆ ಇದ್ದರೆ ಸಾಕು, ಅದರ ತಲೆ ಮೇಲೆ ಬೂಷ್ಟು ಮನೆ ಮಾಡುತ್ತದೆ. ಮುಳುಗಿಸುತ್ತಾ ಇದ್ದರೆ ಅದಕ್ಕೆ ನೆಲೆ ಸಿಗುವುದಿಲ್ಲ. ಇನ್ನೊಂದು ಕಾರಣ ಯೀಸ್ಟಿನದ್ದು. ಅದು ಮರಿ ಹಾಕುವಾಗ ಹೊಸ ಕಣಕ್ಕೆ ಗಟ್ಟಿ ಪೊರೆ ಬೇಕು. ಆ ಪೊರೆಗೆ ಬೇಕಾದ ಕೊಬ್ಬಿನಂಶ ಮಾಡಿಕೊಳ್ಳಲು ಆಮ್ಲಜನಕ ಬೇಕು. ಬಿಯರಿನವರು ಸ್ಟಾರ್ಟರ್ ಪಾತ್ರೆಯನ್ನು ಅಲುಗಾಡಿಸುತ್ತಾ ಇರೋದೂ ಇದಕ್ಕೇ. ಒಂದೇ ಚಮಚದಲ್ಲಿ ಶತ್ರುವನ್ನು ಮುಳುಗಿಸೋದು, ಮಿತ್ರನಿಗೆ ಉಸಿರು ಕೊಡೋದು ಎರಡೂ ಆಗುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಹಿಡಿಸಿದ ಭಾಗ ಇದು.

ಎರಡನೇ ದಿನವೇ ನಾಲ್ಕಾರು ಗುಳ್ಳೆ ಕಂಡವು. ಅಮ್ಮ ಬಗ್ಗಿ ನೋಡಿ, "ಬಂತಲ್ಲ, ಆಯ್ತು ಬಿಡು" ಅಂದರು. ನನಗೆ ಅಷ್ಟು ನಂಬಿಕೆ ಬರಲಿಲ್ಲ. ಗುಳ್ಳೆ ಎಬ್ಬಿಸುವುದು ಯೀಸ್ಟ್ ಒಂದೇ ಅಲ್ಲ. ಇಡ್ಲಿ ಹಿಟ್ಟು ಉಬ್ಬುವುದು ಹೆಚ್ಚಾಗಿ ಲ್ಯೂಕೋನೋಸ್ಟಾಕ್ ಅನ್ನುವ ಬ್ಯಾಕ್ಟೀರಿಯಾದಿಂದ, ಯೀಸ್ಟಿನ ಪಾಲು ಕಡಿಮೆ. ಶುರುವಿನ ಗುಳ್ಳೆ ಅಂತಹ ಬ್ಯಾಕ್ಟೀರಿಯಾದ್ದೂ ಇರಬಹುದು. ಅವುಗಳೂ ನಮಗೆ ಬೇಕು. ಅವು ನೀರನ್ನು ಹುಳಿ ಮಾಡುತ್ತವೆ, ಹುಳಿಯಲ್ಲಿ ಕೊಳೆಸುವ ಜೀವಿಗಳು ಬದುಕುವುದು ಕಷ್ಟ, ಯೀಸ್ಟಿಗೆ ಮಾತ್ರ ಹುಳಿ ಅಂದರೆ ಅಡ್ಡಿಯಿಲ್ಲ. ಕುದಿಸದೆಯೂ ಬೇಡದ್ದು ಹಿಂದೆ ಬೀಳುವುದು ಹೀಗೆ. ಸ್ವಲ್ಪ ಸಮಯ ಕೊಡಬೇಕು ಅಷ್ಟೆ.

ಆ ಸಮಯ ಮಳೆಗಾಲದಲ್ಲಿ ಜಾಸ್ತಿ ಬೇಕು. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದರೆ 21, 22 ಡಿಗ್ರಿ. ಬಿಸಿಲು ಇಲ್ಲ, ಹಗಲು ರಾತ್ರಿ ಒಂದೇ. ಈ ಹದದಲ್ಲಿ ಯೀಸ್ಟ್ ಕೆಲಸ ಮಾಡುತ್ತದೆ, ಆದರೆ ನಿಧಾನ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೆ ಏಳುವುದು ಈಗ ವಾರ ದಾಟಿದರೂ ಆಶ್ಚರ್ಯ ಇಲ್ಲ. ನಿಧಾನವಾದಷ್ಟೂ ಬೂಷ್ಟಿಗೆ ಅವಕಾಶ ಜಾಸ್ತಿ. ಹಾಗಾಗಿ ಬೆಚ್ಚಗಿನ ಜಾಗ ಹುಡುಕಿದೆ.

ಮಲೆನಾಡಿನ ಮನೆಯಲ್ಲಿ ಮಳೆಗಾಲಕ್ಕೂ ಬೆಚ್ಚಗೆ ಇರುವ ಜಾಗ ಅಂದರೆ ಬಚ್ಚಲು. ಹಂಡೆ ಒಲೆಗೆ ಬೆಳಗ್ಗೆ, ಸಂಜೆ ಬೆಂಕಿ ಬೀಳುತ್ತದೆ. ಒಲೆಯ ಮೇಲ್ಗಡೆ ಗೋಡೆಗೆ ಒಂದು ಹಲಗೆ ಇದೆ, ಸೀಗೆಪುಡಿ ಡಬ್ಬಿ, ಬೆಂಕಿಪೊಟ್ಟಣ ಇಡೋದು ಅಲ್ಲಿ. ಅದರ ಒಂದು ತುದಿಯಲ್ಲಿ 27 ಡಿಗ್ರಿ ಸಿಕ್ಕಿತು. ಇನ್ನೊಂದು ತುದಿ, ಸರಿಯಾಗಿ ಹಂಡೆಯ ಮೇಲಿನದ್ದು, ಬೆಂಕಿ ಜೋರಾದಾಗ 40 ದಾಟುತ್ತಿತ್ತು. ಅಲ್ಲಿಟ್ಟರೆ ಯೀಸ್ಟಿಗೆ ಕಷ್ಟ. 27 ಡಿಗ್ರಿಯ ತುದಿಯಲ್ಲೇ ಬಾಟ್ಲಿ ಇಟ್ಟು, ಬೆಂಕಿ ಆರಿದ ಮೇಲೆ ಒಮ್ಮೆಲೇ ತಣ್ಣಗಾಗದಿರಲಿ ಅಂತ ಹಳೇ ಕಂಬಳಿ ತುಂಡು ಸುತ್ತಿದೆ. ಸ್ನಾನಕ್ಕೆ ಹೋದವರೆಲ್ಲ ಒಂದು ಸಲ ತಿರುವಿ ಬರಬೇಕು ಅನ್ನೋದು ಮನೆಯ ನಿಯಮವಾಯಿತು. ಅತ್ತಿಗೆಗೆ ಮೊದಮೊದಲು ಇದು ಸರಿ ಕಾಣಲಿಲ್ಲ. "ಕುಡಿಯೋ ಪದಾರ್ಥನ ಬಚ್ಚಲಲ್ಲಿ ಇಡೋದಾ?" ಅಂದರು. ಬಟ್ಟೆಯ ಮೇಲೆ ಒಂದು ತಟ್ಟೆಯನ್ನು ಸ್ವಲ್ಪ ಓರೆಯಾಗಿ ಮುಚ್ಚಿದ ಮೇಲೆ ಒಪ್ಪಿದರು. ಒಲೆಯ ಬೂದಿ ಹಾರಿ ಬೀಳದಂತೆ ಅದೂ ಬೇಕೇ ಇತ್ತು.

ಅಲ್ಲಿಗೆ ಹೋದ ಮೇಲೆ ಬಾಟ್ಲಿಯ ವರಸೆಯೇ ಬದಲಾಯಿತು. ಮೊದಲು ತಿಳಿಯಾಗಿದ್ದ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ತಳದಲ್ಲಿ ಕೆನೆ ಬಣ್ಣದ ಸಣ್ಣ ಗಸಿ ಕೂತಿತು. ಅದು ಯೀಸ್ಟ್. ಮುಳುಗಿದ್ದ ಶುಂಠಿ ಚೂರುಗಳೆಲ್ಲ ಮೇಲೆ ಬಂದು ಒತ್ತೊತ್ತಾಗಿ ನಿಂತವು. ಒಂದು ಚೂರನ್ನೇ ನೋಡುತ್ತಾ ಕೂತರೆ ಅದರ ಬದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆ ಹುಟ್ಟಿ, ಬೆಳೆದು, ಬಿಟ್ಟು ಮೇಲೆ ಹೋಗುತ್ತದೆ, ಹಿಂದೆಯೇ ಇನ್ನೊಂದು. ಚಮಚ ಹಾಕಿ ತಿರುವಿದರೆ ಚುಸ್ ಅಂತ ಸದ್ದು, ಮೇಲೆಲ್ಲ ಬಿಳಿ ನೊರೆ. ವಾಸನೆಯೂ ಬದಲಾಗಿತ್ತು. ಹಸಿ ಶುಂಠಿಯ ಘಾಟು ತಗ್ಗಿ, ಹಣ್ಣಿನದ್ದು, ಸ್ವಲ್ಪ ಹುಳಿ, ಹೊಸ ಬ್ರೆಡ್ಡಿನದ್ದು ಎಲ್ಲ ಸೇರಿದ ಒಂದು ಒಳ್ಳೆಯ ವಾಸನೆ. ಪಿಎಚ್ ಪಟ್ಟಿ ಅದ್ದಿದರೆ 4ರ ಕೆಳಗಿನ ಬಣ್ಣ ತೋರಿಸಿತು. ಹುಳಿ ಬಂದಿದೆ, ಕೊಳೆಯುವ ಭಯ ಕಡಿಮೆಯಾಯಿತು ಅಂತ ಲೆಕ್ಕ.

ಬಿಸಾಡಬೇಕಾದ್ದು ಯಾವುದು ಅನ್ನೋದನ್ನೂ ಹೇಳಿಬಿಡುತ್ತೇನೆ. ಹಸಿರು, ಕಪ್ಪು, ಗುಲಾಬಿ, ಯಾವುದೇ ಬಣ್ಣದ ರೋಮ ರೋಮದ ಬೂಷ್ಟು ಬಂದರೆ ಪೂರ್ತಿ ಚೆಲ್ಲಬೇಕು. ಮೇಲಿನದ್ದು ತೆಗೆದು ಉಳಿದದ್ದು ಬಳಸೋಣ ಅನ್ನೋದು ಬೇಡ. ಕೊಳೆತ ವಾಸನೆ ಬಂದರೂ ಹಾಗೆಯೇ. ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಅದು ಒಂದು ಜಾತಿಯ ಕಾಡು ಯೀಸ್ಟ್, ಅಪಾಯ ಇಲ್ಲ, ರುಚಿ ಕೆಡುತ್ತದೆ. ನಾನಾದರೆ ಅದನ್ನೂ ಚೆಲ್ಲಿ ಹೊಸದಾಗಿ ಶುರು ಮಾಡುತ್ತೇನೆ. ಹೋಗುವುದು ಎರಡು ಚಮಚ ಶುಂಠಿ ತಾನೇ.

ಸಕ್ಕರೆಯಾ, ಜೋನಿ ಬೆಲ್ಲವಾ ಅಂತ ನೋಡಲು ಪಕ್ಕದಲ್ಲೇ ಇನ್ನೊಂದು ಬಾಟ್ಲಿ ಇಟ್ಟಿದ್ದೆ. ಆಲೆಮನೆಯಿಂದ ತಂದ ಜೋನಿ ಬೆಲ್ಲ ಮಳೆಗಾಲದ ತನಕ ಕೆಡದೆ ನಿಲ್ಲುವುದು ಅದರಲ್ಲಿ ಸಿಹಿ ಅಷ್ಟು ಗಟ್ಟಿ ಇರುವುದರಿಂದ. ಯೀಸ್ಟಿಗೆ ಬಳಸಲು ನೀರೇ ಸಿಗುವುದಿಲ್ಲ. ನೀರು ಬೆರೆಸಿ ತೆಳ್ಳಗೆ ಮಾಡಿದ್ದೇ ತಡ, ಅದೇ ಬೆಲ್ಲ ಯೀಸ್ಟಿಗೆ ಹಬ್ಬ. ಬೆಲ್ಲದ ಬಾಟ್ಲಿ ಸಕ್ಕರೆಯದ್ದಕ್ಕಿಂತ ಬೇಗ ನೊರೆ ಕಟ್ಟಿತು. ಬೆಲ್ಲದಲ್ಲಿ ಖನಿಜಾಂಶ ಇದೆ, ಬರೀ ಸಕ್ಕರೆಯಲ್ಲಿ ಇಲ್ಲ. ಆದರೂ ಮೊದಲ ಸಲ ಮಾಡುವವರಿಗೆ ನಾನು ಸಕ್ಕರೆಯನ್ನೇ ಹೇಳುತ್ತೇನೆ. ಬೆಲ್ಲದ ಬಾಟ್ಲಿ ಕಾಫಿ ಬಣ್ಣಕ್ಕಿರುತ್ತದೆ, ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಕಲಿಯುವಾಗ ಕಣ್ಣಿಗೆ ಕಾಣಬೇಕು, ಅಲ್ವಾ? ಪಾನೀಯ ಮಾಡುವಾಗ ಮಾತ್ರ ಜೋನಿ ಬೆಲ್ಲಕ್ಕೆ ಸಮ ಇಲ್ಲ. ಅಚ್ಚು ಬೆಲ್ಲ ಹಾಕುವುದಾದರೆ ಕಪ್ಪಗಿರುವುದೇ ಒಳ್ಳೆಯದು. ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿದ ಬೆಲ್ಲದಲ್ಲಿ ಗಂಧಕದ ಅಂಶ ಉಳಿದಿರುತ್ತದೆ, ಅದು ಯೀಸ್ಟಿಗೆ ಆಗಿಬರುವುದಿಲ್ಲ.

ಓದುತ್ತಾ ಹೋದಾಗ ಸಿಕ್ಕ ಒಂದು ವಿಷಯ ಇಲ್ಲಿ ಹೇಳದೆ ಇರಲಾರೆ. ಇಂಗ್ಲೆಂಡಿನಲ್ಲಿ ಹಿಂದೆ ಮನೆಮನೆಯಲ್ಲಿ ಶುಂಠಿ ಬಿಯರ್ ಮಾಡುತ್ತಿದ್ದರು. ಸಾಬಕ್ಕಿಯಂತೆ ಕಾಣುವ ಕಾಳುಗಳನ್ನು ಒಬ್ಬರಿಂದ ಒಬ್ಬರು ಪಡೆದು ಹುದುಗಿಸುತ್ತಿದ್ದರು. ಆ ಕಾಳಿನಲ್ಲಿ ಒಂದು ಯೀಸ್ಟೂ ಒಂದು ಬ್ಯಾಕ್ಟೀರಿಯಾವೂ ಜೊತೆಯಾಗಿ ಬಾಳುತ್ತವೆ ಅಂತ 1892ರಲ್ಲಿ ತೋರಿಸಿಕೊಟ್ಟವರು ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್. ಇದೇ ವಾರ್ಡ್ ಅದಕ್ಕೂ ಮೊದಲು, 1880ರ ದಶಕದ ಶುರುವಿನಲ್ಲಿ, ಸಿಲೋನಿನಲ್ಲಿ ಕಾಫಿ ಎಲೆಯ ತುಕ್ಕು ರೋಗವನ್ನು ಅಧ್ಯಯನ ಮಾಡಿದ್ದರು. ನಮ್ಮ ಕಡೆ ಕಾಫಿ ತೋಟದವರು ಇವತ್ತಿಗೂ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದು ಅದೇ ರೋಗಕ್ಕೆ. ತೋಟಕ್ಕೆ ಶತ್ರುವಾದ ಶಿಲೀಂಧ್ರವನ್ನೂ ಪಾನೀಯಕ್ಕೆ ಮಿತ್ರನಾದ ಯೀಸ್ಟನ್ನೂ ಒಬ್ಬರೇ ಅಷ್ಟು ಹತ್ತಿರದಿಂದ ನೋಡಿದ್ದಾರೆ ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ಅವರ ಕಾಳು ಬೇರೆ, ನಮ್ಮ ಬಾಟ್ಲಿ ಬೇರೆ. ಯೀಸ್ಟು, ಬ್ಯಾಕ್ಟೀರಿಯಾ ಕೂಡಿ ಕೆಲಸ ಮಾಡುವುದು ಮಾತ್ರ ಎರಡರಲ್ಲೂ ಒಂದೇ.

ಸ್ಟಾರ್ಟರ್ ಎದ್ದಿದೆ ಅನ್ನಿಸಿದರೂ ನೇರ ದೊಡ್ಡ ಪಾತ್ರೆಗೆ ಹಾಕಲಿಲ್ಲ. ಅರ್ಧ ಲೀಟರಿನ ಪ್ಲಾಸ್ಟಿಕ್ ಸೋಡಾ ಬಾಟ್ಲಿಯಲ್ಲಿ ಸಕ್ಕರೆ ನೀರು ಹಾಕಿ, ಎರಡು ಚಮಚ ಸ್ಟಾರ್ಟರ್ ಸೋಸಿ ಬಿಟ್ಟು, ಮುಚ್ಚಳ ಬಿಗಿ ಮಾಡಿ ಅದೇ ಹಲಗೆ ಮೇಲಿಟ್ಟೆ. ಮರುದಿನ ಸಂಜೆ ಒತ್ತಿ ನೋಡಿದರೆ ಬಾಟ್ಲಿ ಕಲ್ಲಿನ ಹಾಗೆ ಗಟ್ಟಿ. ಈ ಪರೀಕ್ಷೆಯನ್ನು ಯಾರೂ ಬಿಡಬಾರದು ಅಂತ ನನ್ನ ಅಭಿಪ್ರಾಯ. ಬಾಟ್ಲಿ ಮೆತ್ತಗೇ ಇದ್ದರೆ ಸ್ಟಾರ್ಟರಿಗೆ ಇನ್ನೆರಡು ದಿನ ಊಟ ಕೊಟ್ಟು ಕಾಯಬೇಕು. ಹಾಳಾಗುವುದು ಅರ್ಧ ಲೀಟರ್ ಸಕ್ಕರೆ ನೀರು ಮಾತ್ರ.

ಇನ್ನು ಪಾನೀಯ. ಎರಡು ಲೀಟರ್ ನೀರಿಗೆ ಜಜ್ಜಿದ ಶುಂಠಿ ಒಂದು ಹಿಡಿ, ಜೋನಿ ಬೆಲ್ಲ ಒಂದು ಲೋಟ, ನಾಲ್ಕು ಕಾಳುಮೆಣಸು ಹಾಕಿ ಕುದಿಸಿದೆ. ಕೈ ಇಟ್ಟರೆ ಬಿಸಿ ಗೊತ್ತಾಗದಷ್ಟು ತಣಿದ ಮೇಲೆ ಸೋಸಿ, ಎರಡು ಲಿಂಬೆಹಣ್ಣು ಹಿಂಡಿ, ಅರ್ಧ ಲೋಟ ಸ್ಟಾರ್ಟರ್ ಸೇರಿಸಿದೆ. ಇಲ್ಲಿ ಅವಸರ ಸಲ್ಲದು. ಬಿಸಿಗೆ ಬಿದ್ದರೆ ಅಷ್ಟು ದಿನ ಸಾಕಿದ ಯೀಸ್ಟ್ ಒಂದು ಕ್ಷಣದಲ್ಲಿ ಹೋಗುತ್ತದೆ.

ತುಂಬಿಸಿದ್ದು ಪ್ಲಾಸ್ಟಿಕ್ ಸೋಡಾ ಬಾಟ್ಲಿಗಳಿಗೇ, ಮೇಲೆ ಎರಡು ಇಂಚು ಜಾಗ ಬಿಟ್ಟು. ಗಾಜಿನದ್ದು ಚೆಂದ ಕಾಣುತ್ತದೆ ಅಂತ ಆಸೆ ಆಗುತ್ತದೆ, ದಯವಿಟ್ಟು ಬೇಡ. ಲೆಕ್ಕ ನೋಡಿ. ಯೀಸ್ಟ್ ಸಕ್ಕರೆಯನ್ನು ತಿಂದಾಗ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಗ್ಯಾಸ್, ಅರ್ಧ ಆಲ್ಕೋಹಾಲ್ ಆಗುತ್ತದೆ. ಒಂದು ಲೀಟರ್ ಸೋಡಾದಲ್ಲಿ ಇರುವ ಗ್ಯಾಸ್ ಏಳೆಂಟು ಗ್ರಾಂ. ಅದಕ್ಕೆ 15, 16 ಗ್ರಾಂ ಸಕ್ಕರೆ ಸಾಕು. ನಮ್ಮ ಪಾನೀಯದಲ್ಲಿ ಲೀಟರಿಗೆ ಅದರ ಐದಾರು ಪಟ್ಟು ಸಿಹಿ ಇದೆ. ಮರೆತು ಹೊರಗೇ ಬಿಟ್ಟರೆ ಯೀಸ್ಟ್ ನಿಲ್ಲುವುದಿಲ್ಲ, ಬಾಟ್ಲಿ ತಡೆಯುವುದಿಲ್ಲ. ಗಾಜು ಸಿಡಿದರೆ ಕಣ್ಣಿಗೇ ಅಪಾಯ. ಪ್ಲಾಸ್ಟಿಕ್ಕಿನದ್ದಾದರೆ ಬೆರಳಲ್ಲಿ ಒತ್ತಿ ನೋಡಬಹುದು. ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ತಣ್ಣಗಾದರೆ ಯೀಸ್ಟ್ ಹೆಚ್ಚುಕಡಿಮೆ ಮಲಗುತ್ತದೆ. ಈ ಹದದಲ್ಲಿ ನಿಲ್ಲಿಸಿದರೆ ಆಲ್ಕೋಹಾಲ್ ಶೇ 1ರ ಆಸುಪಾಸು ಇರುತ್ತದೆ. ಪೂರ್ತಿ ಇಲ್ಲ ಅಂತಲ್ಲ, ಹಾಗಾಗಿ ಮಕ್ಕಳಿಗೆ, ಬಸುರಿಯರಿಗೆ, ಬೇಡ ಅನ್ನುವವರಿಗೆ ಕೊಡುವುದಿಲ್ಲ. ಅವರಿಗೆ ಅದೇ ಕಷಾಯವನ್ನು ಹುದುಗಿಸದೆ ತೆಗೆದಿಟ್ಟಿದ್ದೆ.

ಮೂರು ದಿನಕ್ಕೆ ಸಿದ್ಧವಾಯಿತು. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು, ಮುಚ್ಚಳ ಸ್ವಲ್ಪ ಸ್ವಲ್ಪವೇ ತಿರುಗಿಸಿ ಗ್ಯಾಸ್ ಬಿಟ್ಟು ಲೋಟಕ್ಕೆ ಹಾಕಿದೆ. ಗುಳ್ಳೆ ಸಣ್ಣದು, ಬಹಳ ಹೊತ್ತು ಏಳುತ್ತಲೇ ಇತ್ತು. ಬೆಲ್ಲದ ಸಿಹಿ ಮೊದಲು, ಹಿಂದೆ ಹುಳಿ, ಕೊನೆಗೆ ಗಂಟಲಲ್ಲಿ ಶುಂಠಿಯ ಖಾರ. ಚಿಕ್ಕಪ್ಪ ಎರಡು ಲೋಟ ಕುಡಿದು, "ಚೀಲಗಟ್ಟಲೆ ಬೆಳೆದ್ರೂ ಶುಂಠಿಗೆ ಹಿಂಗೊಂದು ರುಚಿ ಇದೆ ಅಂತ ಗೊತ್ತಿರ್ಲಿಲ್ಲ ನೋಡು" ಅಂದರು.

ಸ್ಟಾರ್ಟರ್ ಮಾತ್ರ ಮುಗಿಯಲಿಲ್ಲ. ತೆಗೆದಷ್ಟು ನೀರು ಹಾಕಿ, ಚಮಚ ಶುಂಠಿ, ಸಕ್ಕರೆ ಕೊಟ್ಟರೆ ಮತ್ತೆ ಏಳುತ್ತದೆ. ಶುಂಠಿ ಜಾಸ್ತಿ ತುಂಬಿಕೊಂಡಾಗ ಹಳೆಯ ಚೂರು ಅರ್ಧ ತೆಗೆಯುತ್ತೇನೆ. ದಿನಾ ನೋಡಿಕೊಳ್ಳಲು ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಊಟ ಕೊಟ್ಟರೆ ಸಾಕು. ಬೇಕಾದಾಗ ಹೊರಗೆ ತೆಗೆದು ಎರಡು ದಿನ ಉಣಿಸಿ, ಮತ್ತೆ ಸಣ್ಣ ಬಾಟ್ಲಿಯ ಪರೀಕ್ಷೆ ಮಾಡಿ ಬಳಸೋದು. ಅತ್ತಿಗೆ ಈಗ ಒಂದು ಸಣ್ಣ ಬಾಟ್ಲಿಯಲ್ಲಿ ಇದರ ಪಾಲು ತುಂಬಿಕೊಂಡು ಸಾಗರದ ತವರಿಗೆ ಒಯ್ದಿದ್ದಾರೆ. ಮುಚ್ಚಳ ಬಿಗಿ ಮಾಡಬೇಡಿ, ಬಸ್ಸಿನಲ್ಲಿ ಕುಲುಕಿದರೆ ಗ್ಯಾಸ್ ಏಳುತ್ತದೆ ಅಂತ ಹೇಳಿ ಬಟ್ಟೆ ಕಟ್ಟಿ, ನೆಟ್ಟಗೆ ಹಿಡಿದುಕೊಳ್ಳಲು ಕೈಗೇ ಕೊಟ್ಟೆ. ಅವರ ಮನೆಯಲ್ಲಿ ಒಣಗಿಸಿದ ಮುರುಗಲು ಹಣ್ಣಿನ ಸಿಪ್ಪೆ ಬೇಕಾದಷ್ಟಿದೆ. ಲಿಂಬೆಯ ಬದಲು ಅದನ್ನೇ ಹುಳಿಗೆ ಹಾಕಿ ಮಾಡುತ್ತೇನೆ ಅಂದಿದ್ದಾರೆ. ಅದರಲ್ಲಿ ಗುಳ್ಳೆ ಹೇಗೆ ಏಳುತ್ತದೆ ಅಂತ ಫೋನಿನಲ್ಲಿ ದಿನಾ ವಿಚಾರಿಸುತ್ತಿದ್ದೇನೆ.